ನಿನ್ನ ಅಳುಕಿಗೆ ಉತ್ತರವಾಗಿ, ಒಬ್ಬ ಭಿಕ್ಷುಕವಿಯ ಕುರಿತು

ಮಗಳೇ, ಆಶೀರ್ವಾದಗಳು.

ಮನೆಯ ಸುದ್ದಿ ನಿನ್ನ ಅಮ್ಮ ಬರೆದಿರುತ್ತಾಳೆ. ಊರು ಬಿಟ್ಟು ಕದಲಲಾರದ, ಏನನ್ನೂ ಕಂಡಿರದ ತಾನು ಬರೆದರೆ ಅದು ಟೊಳ್ಳಾಗುವುದಿಲ್ಲವೇ ಎಂದು ನೀನು ಕೇಳಿದ್ದೀಯಲ್ಲ, ಆ ಒಂದು ಮಾತು ನನ್ನನ್ನು ನಿದ್ದೆಗೆಡಿಸಿತು.

ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ದೊರೆ ಒಂದನೆಯ ರಾಮನ ಮಗ ವಾಸುಕ್ರಿ ಹುಟ್ಟಿದ್ದು 1790ರಲ್ಲಿ. 12ನೆಯ ವಯಸ್ಸಿಗೇ ಕಾಷಾಯ ತೊಟ್ಟು ಬ್ಯಾಂಕಾಕಿನ ವಾಟ್ ಫೋ ವಿಹಾರ ಸೇರಿದ ಅವರು 1853ರಲ್ಲಿ ತೀರಿಕೊಳ್ಳುವವರೆಗೂ ಭಿಕ್ಷುವಾಗಿಯೇ ಉಳಿದರು. ಪರಮಾನುಚಿತ್ ಎಂಬ ಹೆಸರಿನಿಂದ ಕೊನೆಗೆ ಸಂಘರಾಜರೂ, ಅಂದರೆ ಆ ದೇಶದ ಭಿಕ್ಷುಸಂಘದ ಮುಖ್ಯಸ್ಥರೂ, ಆದರು. ರಣರಂಗ ತುಳಿಯದ ಈ ವಿರಕ್ತರೇ ಹಿಂದಿನ ಸಯಾಮಿ ದೊರೆ ನರೇಸುವನ್‌ನ ಗಜಯುದ್ಧವನ್ನು ಹಾಡುವ ‘ಲಿಲಿತ್ ತಲೇಂಗ್ ಫಾಯ್’ ಬರೆದವರು. ಸೊಕ್ಕೇರಿದ ಆನೆ ದೊರೆಯನ್ನು ಸೈನ್ಯದಿಂದ ದೂರ, ಶತ್ರುಗಳ ನಡುವೆ ತಂದು ನಿಲ್ಲಿಸುತ್ತದೆ. ಮರದ ನೆರಳಲ್ಲಿ ಆನೆಯ ಮೇಲಿದ್ದ ಬರ್ಮಾದ ಯುವರಾಜನನ್ನು ಆತ ಅಣ್ಣನೆಂದೇ ಕರೆದು ದ್ವಂದ್ವಕ್ಕೆ ಆಹ್ವಾನಿಸುತ್ತಾನೆ. ಇದನ್ನೆಲ್ಲ ಅವರು ಕಂಡಿದ್ದರೇ? ಹಳೆಯ ವೃತ್ತಾಂತಗಳನ್ನು ಬಲ್ಲವರಾಗಿದ್ದರು, ಅಷ್ಟೆ. ಸಂಸಾರವನ್ನೂ ಕಾಣದವರು ದ್ರೌಪದಿ ತನ್ನ ತಂಗಿಗೆ ದಾಂಪತ್ಯದ ಬುದ್ಧಿ ಹೇಳುವ ಕಾವ್ಯ ರಚಿಸಿದರು!

ಕಾಣದವರಿಗೆ ಬರೆಯುವ ಹಕ್ಕಿಲ್ಲವೆಂಬ ಇದೇ ಭಯ ನಿನ್ನ ವಯಸ್ಸಿನಲ್ಲಿ ನನಗೂ ಇತ್ತು. ಆಮೇಲೆ ನೌಕರಿಯ ನೆಪದಲ್ಲಿ ಊರೂರು ತಿರುಗಿದೆ, ಬೇಕಾದಷ್ಟು ಕಂಡೆ. ಅಷ್ಟರಲ್ಲಿ ಬರೆಯುವ ಕೈಗೆ ಅಭ್ಯಾಸವೇ ತಪ್ಪಿಹೋಗಿತ್ತು. ಆ ಕೊರಗು ಈಗಲೂ ಇದೆ.

ಯುದ್ಧಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕಾವ್ಯದ ಕೊನೆಯ ಭಾಗ. ಹಿಂದೆ ಬಿದ್ದ ಸೇನಾಪತಿಗಳಿಗೆ ದೊರೆ ಮರಣದಂಡನೆ ವಿಧಿಸಿದಾಗ ಒಬ್ಬ ಹಿರಿಯ ಭಿಕ್ಷು ಬಂದು, ಬುದ್ಧನೂ ಮಾರನನ್ನು ಒಬ್ಬನೇ ಗೆದ್ದದ್ದರಿಂದಲೇ ಆ ಗೆಲುವು ದೊಡ್ಡದಾಯಿತು, ಸೈನ್ಯ ಜೊತೆಗಿದ್ದಿದ್ದರೆ ನಿನಗೆ ಈ ಕೀರ್ತಿ ಎಲ್ಲಿತ್ತು ಎಂದು ಹೇಳಿ ಅವರ ಜೀವ ಉಳಿಸುತ್ತಾನೆ. ಆ ಕಥೆ ಮೊದಲೇ ಇತ್ತು, ನಿಜ. ಆದರೆ ಸಿಟ್ಟಿನ ಎದುರು ಮೆಲ್ಲಗೆ ನಿಂತು ಮಾತಾಡುವ ಆ ದನಿ ವಿಹಾರದಲ್ಲೇ ಬಾಳಿದವರಿಗೆ ಒಲಿದದ್ದೆಂದು ನನಗೆ ತೋರುತ್ತದೆ. ನಿನ್ನ ಮನೆಯೂ ನಿನಗೆ ಅಂಥದೊಂದು ದನಿಯನ್ನು ಕೊಟ್ಟಿರಬಹುದಲ್ಲವೇ?

ಸಲಹೆ ಕೊಡಲು ನಾನು ಯಾರು, ಆದರೂ ಹೇಳುತ್ತೇನೆ. ಅರ್ಧಕ್ಕೆ ನಿಂತದ್ದನ್ನು ಹರಿದುಹಾಕಬೇಡ. ಹದಿನೇಳನೆಯ ಶತಮಾನದ ಸಯಾಮಿನ ದೊರೆ ನಾರಾಯ್ ಕಾಲದಲ್ಲಿ ಆರಂಭವಾಗಿ ನಿಂತುಹೋಗಿದ್ದ ‘ಸಮುತ್ಥಖೋತ್’ ಕಾವ್ಯವನ್ನು ವಾಸುಕ್ರಿಯವರು ಮುಗಿಸಿದ್ದು 1849ರಲ್ಲಿ. ಓದುವುದನ್ನೂ ಬಿಡಬೇಡ. ಸಾಧ್ಯವಾದರೆ, ನೀನು ಟೊಳ್ಳೆಂದು ಬದಿಗಿಟ್ಟ ಪದ್ಯಗಳನ್ನು ನನಗೆ ಕಳಿಸು.

ಇತಿ,
ನಿನ್ನ ದೊಡ್ಡಪ್ಪ