ನೆಬಮುನ್‌ನ ಗೋಡೆಯ ಮುಂದೆ

ಪ್ರಿಯ ಸುಮಾ,

ಬ್ರಿಟಿಷ್ ಮ್ಯೂಸಿಯಂನ ಈಜಿಪ್ಟ್ ಸಂಗ್ರಹದ ಮೇಲೆ ಲೇಖನ ಬರೆಯಬೇಕು, ಕೈಯಲ್ಲಿರೋದು ಒಂದೇ ದಿನ ಅಂದಿದ್ದೀಯ. ಹಾಗಾದರೆ ಎಲ್ಲವನ್ನೂ ನೋಡುವ ಆಸೆ ಬಿಡು. 4ನೇ ಕೋಣೆಯ ರೊಸೆಟ್ಟಾ ಕಲ್ಲಿನ ಮುಂದೆ ಸದಾ ಜಾತ್ರೆ. ಸೀದಾ ಮೇಲಿನ 61ನೇ ಕೋಣೆಗೆ ಹೋಗು. ಅಲ್ಲಿರುವುದು ಹಳೆಯ ಈಜಿಪ್ಟಿನ ಥೀಬ್ಸ್ ನಗರದ ನೆಬಮುನ್ ಎಂಬಾತನ ಸಮಾಧಿಯ ಗೋಡೆಚಿತ್ರಗಳು, ಕ್ರಿ.ಪೂ. ಸುಮಾರು 1350ರವು. ಆ 'ಸುಮಾರು' ಲೇಖನದಲ್ಲೂ ಇರಲಿ. ಆತ ಅಮುನ್ ದೇವಾಲಯದ ಕಣಜದ ಧಾನ್ಯದ ಲೆಕ್ಕ ಬರೆಯುತ್ತಿದ್ದವನು. ನಮ್ಮ ಶಾನುಭೋಗ ಅಂತ ಬರೆಯುವ ಚಪಲ ಬಂದೀತು, ತಡೆದುಕೋ. ಶಾನುಭೋಗನದು ಊರಿನ ಲೆಕ್ಕ, ಇವನದು ದೇವರ ಉಗ್ರಾಣದ್ದು.

ಮೊದಲು ಬಣ್ಣ ಉದುರಿದ ಜಾಗ ಹುಡುಕು, ಅಲ್ಲಿ ಪದರಗಳು ಕಾಣುತ್ತವೆ. ಹುಲ್ಲು ಕಲಸಿದ ಮಣ್ಣಿನ ಗಿಲಾವು, ಅದರ ಮೇಲೆ ತೆಳ್ಳಗೆ ಬಿಳಿ ಜಿಪ್ಸಂ, ಅದು ಒಣಗಿದ ಮೇಲೆ ಬಣ್ಣ. ಆದ್ದರಿಂದ ಇದನ್ನು ಫ್ರೆಸ್ಕೊ ಅನ್ನಬೇಡ. ಫ್ರೆಸ್ಕೊದಲ್ಲಿ ಹಸಿ ಸುಣ್ಣದ ಗಾರೆ ಬಣ್ಣವನ್ನು ಒಳಗೆ ಹಿಡಿದುಕೊಳ್ಳುತ್ತದೆ. ಇಲ್ಲಿ ಬಣ್ಣ ಮೇಲೆ ಕೂತಿದೆ ಅಷ್ಟೆ, ಅದಕ್ಕೇ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಕೆಂಪು, ಹಳದಿ ಎರಡೂ ಕಾವಿಮಣ್ಣು, ಕಪ್ಪು ಮಸಿ. ನೀಲಿ ಮಾತ್ರ ತಯಾರಿಸಿದ್ದು: ಮರಳು, ತಾಮ್ರ, ಸುಣ್ಣಗಳನ್ನು ಒಂದಿಷ್ಟು ಕ್ಷಾರ ಸೇರಿಸಿ 900 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ ಪುಡಿ ಮಾಡಿದ್ದು.

ಬೇಟೆಯ ಚಿತ್ರಕ್ಕೆ, ಸಂಖ್ಯೆ ಇಎ 37977, ಒಂದು ಗಂಟೆಯಾದರೂ ಕೊಡು. ದೋಣಿಯ ಮೇಲೆ ನೆಬಮುನ್ ದೊಡ್ಡವನು, ಹೆಂಡತಿ ಚಿಕ್ಕವಳು, ಕಾಲ ಸಂದಿಯಲ್ಲಿ ಕೂತ ಮಗಳು ಇನ್ನೂ ಚಿಕ್ಕವಳು. ಈ ಗಾತ್ರ ಮರ್ಯಾದೆಯ ಲೆಕ್ಕ, ದೂರದ್ದಲ್ಲ. ಬೆಕ್ಕೊಂದು ಬಾಯಲ್ಲೊಂದು ಹಕ್ಕಿ ಕಚ್ಚಿ, ಉಗುರಿನಲ್ಲಿ ಇನ್ನೆರಡನ್ನು ಹಿಡಿದಿದೆ. ಅದರ ಕಣ್ಣಿಗೆ ಚಿನ್ನದ ರೇಕು ಹಚ್ಚಿದ್ದಾರೆ. ಪಕ್ಕಕ್ಕೆ ಸರಿದು ನೋಡು, ನೇರ ನಿಂತರೆ ಗಾಜಿನ ಪ್ರತಿಬಿಂಬ ಅಡ್ಡ ಬರುತ್ತದೆ. ತೋಟದ ಚಿತ್ರದಲ್ಲಿ ಕೊಳ ಮೇಲಿನಿಂದ ಕಂಡಂತಿದೆ, ಮೀನು, ಬಾತು, ಮರ ಎಲ್ಲ ಪಕ್ಕದಿಂದ. 'ಅವರಿಗೆ ದೂರ-ಹತ್ತಿರ ತೋರಿಸಲು ಬರುತ್ತಿರಲಿಲ್ಲ' ಅಂತ ಬರೆದವರು ಬಹಳ ಜನ. ಅದು ತಪ್ಪು. ಚಿತ್ರಕಾರರು ಪ್ರತಿಯೊಂದನ್ನೂ ಇಂಥದೇ ಎಂದು ಗೊತ್ತಾಗುವ ಮಗ್ಗುಲಿನಿಂದ ಬಿಡಿಸಿದ್ದಾರೆ, ಅಷ್ಟೇ.

ಚಿತ್ರಲಿಪಿಯ ಅಕ್ಷರಗಳನ್ನು ಓದಲು ಬರದಿದ್ದರೂ ದಿಕ್ಕು ಹೇಳಬಹುದು: ಹಕ್ಕಿ, ಮನುಷ್ಯರ ಮುಖ ಯಾವ ಕಡೆಗಿದೆಯೋ ಸಾಲು ಆ ಕಡೆಯಿಂದ ಶುರು. ಅಲ್ಲಲ್ಲಿ ಕೆತ್ತಿ ಹಾಕಿದ ಗಾಯ ಕಂಡರೆ ಬರೆದುಕೋ. ಅಖೆನಾತೆನ್ ಎಂಬ ದೊರೆಯ ಕಾಲದಲ್ಲಿ ಅಮುನ್ ದೇವರ ಹೆಸರನ್ನು ಅಳಿಸಿಹಾಕಿದರು, ನೆಬಮುನ್‌ನ ಹೆಸರಿನೊಳಗೂ ಆ ದೇವರಿದ್ದಾನೆ.

ಇನ್ನೊಂದು ಮಾತು. 1820ರ ಸುಮಾರಿಗೆ ಈಜಿಪ್ಟಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಹೆನ್ರಿ ಸಾಲ್ಟ್‌ನ ಆಳು ಡಿ'ಅಥನಾಸಿ ಇವನ್ನು ಗೋಡೆಯಿಂದ ಕೊರೆದು ತೆಗೆದ. ಸಮಾಧಿ ಎಲ್ಲಿತ್ತೆಂಬುದು ಈಗ ಯಾರಿಗೂ ತಿಳಿದಿಲ್ಲ. ಹಾಗಾಗಿ 'ಸಮಾಧಿಯ ಕತ್ತಲಲ್ಲಿ ಈ ಚಿತ್ರ ಹೀಗೆ ಹೊಳೆಯುತ್ತಿತ್ತು' ಎಂಬಂಥ ಸಾಲು ಬೇಡ. ಅಷ್ಟಕ್ಕೂ ಇವು ಶವವಿಟ್ಟ ಕೋಣೆಯವಲ್ಲ, ಮನೆಯವರು ಎಡೆಯಿಡಲು ಬರುತ್ತಿದ್ದ ಮೇಲಿನ ಮಂಟಪದವು. ಫಲಕದ ಸಂಖ್ಯೆಯನ್ನು ಪ್ರತಿ ಟಿಪ್ಪಣಿಯ ಪಕ್ಕ ಬರೆದುಕೋ, ಪೆನ್ಸಿಲ್‌ನಲ್ಲಿ. ಕರಡು ಆದಮೇಲೆ ಕಳಿಸು.