ಬಾಗಿಲು ತೆಗೆದರೆ ಹಾಡುತ್ತಿದ್ದ ಸ್ಟೀರಿಯೋ

ಸಂಪಾದಕರೇ,

ಪತ್ರಿಕೆಯಲ್ಲಿ ಕಾರಿನ ಬಗ್ಗೆ ಬರುವುದೆಲ್ಲ ಹೊಸ ಮಾಡೆಲ್‌ಗಳ ಸುದ್ದಿಯೇ. ಹಳೇ ಕಾರು ಇಟ್ಟುಕೊಂಡವರಿಗೂ ಆಗಾಗ ಅರ್ಧ ಕಾಲಂ ಜಾಗ ಕೊಡಿ ಅಂತ ಕೇಳಲು ಈ ಪತ್ರ. ಸುಮ್ನೆ ಕೇಳಿದರೆ ಯಾರು ಕೊಡುತ್ತಾರೆ, ಅದಕ್ಕೇ ನನ್ನ ಸ್ಟೀರಿಯೋ ಕಥೆಯನ್ನೂ ಜೊತೆಗಿಟ್ಟಿದ್ದೇನೆ.

ಕಾರಿಗೆ 20 ವರ್ಷ ದಾಟಿದೆ, ನಾನು ಅದರ ಮೂರನೇ ಮಾಲೀಕ. ಕಂಪನಿಯಿಂದಲೇ ಬಂದ ಸೆಟ್, ರೇಡಿಯೋ ಮತ್ತು ಕ್ಯಾಸೆಟ್ ಇರುವಂಥದ್ದು. ಒಂದು ದಿನ ದನಿ ನಿಂತುಹೋಯಿತು. ಡಿಸ್‌ಪ್ಲೇ ಉರಿಯುತ್ತಿದೆ, ಸ್ಟೇಷನ್ ನಂಬರ್ ತೋರಿಸುತ್ತಿದೆ, ಗಡಿಯಾರವೂ ಸರಿ, ಆದರೆ ನಾಲ್ಕು ಸ್ಪೀಕರ್‌ಗಳಲ್ಲಿ ಒಂದೂ ಕಮಕ್ ಕಿಮಕ್ ಅನ್ನುತ್ತಿಲ್ಲ. ತೋರಿಸಿದ ಎರಡೂ ಕಡೆ ಒಂದೇ ಮಾತು. "ಸೆಟ್ ಹೋಗಿದೆ ಸರ್, ಟಚ್‌ಸ್ಕ್ರೀನ್ ಹಾಕಿಸಿಬಿಡಿ." ಒಬ್ಬರೂ ಮೀಟರ್ ಕೈಗೆತ್ತಿಕೊಳ್ಳಲಿಲ್ಲ, ಒಂದು ಸ್ಕ್ರೂ ಬಿಚ್ಚಲಿಲ್ಲ. ಡಿಸ್‌ಪ್ಲೇ ಉರಿಯುತ್ತಿದೆ ಅಂದರೆ ಸೆಟ್‌ಗೆ ಕರೆಂಟ್ ಬರುತ್ತಿದೆ, ಫ್ಯೂಸ್ ಹೋಗಿಲ್ಲ, ಅಷ್ಟು ನನಗೂ ಗೊತ್ತಾಗುತ್ತದೆ ಅಲ್ವಾ?

ಸುಳಿವು ಸಿಕ್ಕಿದ್ದು ಮಗಳಿಂದ. ಇಳಿಯಲೆಂದು ನನ್ನ ಪಕ್ಕದ ಬಾಗಿಲು ತೆಗೆದಳು, ಹಾಡು ಬಂತು. ಹಾಕಿದಳು, ಹೋಯಿತು. ಮೂರು ಸಲ ತೆಗೆಸಿ ಹಾಕಿಸಿದೆ. ಮೂರು ಸಲವೂ ಅದೇ. "ಅಪ್ಪಾ, ಇದಕ್ಕೆ ಹುಚ್ಚು" ಅಂದಳು.

ಹುಚ್ಚಲ್ಲ, ಶಾರ್ಟ್ ಸರ್ಕ್ಯೂಟ್. ನನ್ನ ಕಾರಿನ ಕಾಲದ ಹೆಚ್ಚಿನ ಕಾರ್ ಸೆಟ್‌ಗಳಲ್ಲಿ ಸ್ಪೀಕರ್‌ನ ಪ್ಲಸ್ ವೈರ್‌ನಲ್ಲೂ ಮೈನಸ್ ವೈರ್‌ನಲ್ಲೂ ಬ್ಯಾಟರಿಯ ಸುಮಾರು ಅರ್ಧದಷ್ಟು ವೋಲ್ಟೇಜ್ ನಿಂತಿರುತ್ತದೆ. ಹಾಗಾಗಿ ಎರಡರಲ್ಲಿ ಯಾವುದೂ ಕಾರಿನ ತಗಡಿಗೆ ತಾಗುವಂತಿಲ್ಲ. ತಾಗಿತೋ, ದನಿ ದೊಡ್ಡದು ಮಾಡುವ ಒಳಗಿನ ಆಂಪ್ಲಿಫೈಯರ್ ಚಿಪ್ ತನ್ನನ್ನು ಉಳಿಸಿಕೊಳ್ಳಲು ದನಿ ಬಂದ್ ಮಾಡುತ್ತದೆ. ನನ್ನ ಸೆಟ್‌ನಲ್ಲಿ ನಾಲ್ಕೂ ಸ್ಪೀಕರ್ ಒಟ್ಟಿಗೇ ಬಂದ್. ಮನೆಯ ಹಳೇ ರೇಡಿಯೋ ರಿಪೇರಿ ಮಾಡಿ ಅಭ್ಯಾಸ ಇರುವವರು ಸ್ಪೀಕರ್ ಮೈನಸ್ ಅಂದರೆ ಅರ್ಥ್ ಅಂದುಕೊಂಡು ನಾಲ್ಕು ಮೈನಸ್‌ಗಳನ್ನೂ ಒಟ್ಟಿಗೆ ತಿರುಚಿ ತಗಡಿಗೆ ಕೊಡುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಚಿಪ್ ಸುಟ್ಟರೂ ಸುಟ್ಟೀತು.

ಭಾನುವಾರ ಸೆಟ್ ಹೊರಗೆಳೆದೆ. ಮುಂಭಾಗದ ಎರಡು ಬದಿಯಲ್ಲೂ ಸಣ್ಣ ತೂತುಗಳಿವೆ, ಅದರೊಳಗೆ ಬಗ್ಗಿಸಿದ ತಂತಿಯಂಥ ಕೀ ಹಾಕಿದರೆ ಒಳಗಿನ ಹಿಡಿತ ಬಿಡುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಡ್ಯಾಶ್‌ಬೋರ್ಡ್ ಗಾಯವಾಗುತ್ತದೆ, ಅಷ್ಟೇ. ಹಿಂದಿನ ಕನೆಕ್ಟರ್ ಕಳಚಿ, ಮಲ್ಟಿಮೀಟರನ್ನು ಓಮ್‌ಗೆ, ಅಂದರೆ ಕರೆಂಟ್‌ಗಿರುವ ತಡೆ ಅಳೆಯುವ ಕಡೆಗೆ ಇಟ್ಟು, ಕಾರಿನ ಕಡೆಯ ಪ್ಲಗ್‌ನಲ್ಲಿ ಒಂದೊಂದೇ ಸ್ಪೀಕರ್ ಜೋಡಿ ನೋಡಿದೆ. 4 ಓಮ್ ಸ್ಪೀಕರ್ ಮೀಟರ್‌ನಲ್ಲಿ 3ರಿಂದ 4ರೊಳಗೆ ತೋರಿಸುತ್ತದೆ. ಮೂರು ಜೋಡಿ ಸರಿಯಿತ್ತು. ನಾಲ್ಕನೆಯದು, ಅದೇ ಬಾಗಿಲಿನದು, ಬಾಗಿಲು ಆಡಿಸಿದರೆ ಅಂಕಿ ಕುಣಿಯುತ್ತಿತ್ತು. ಮೀಟರಿನ ಒಂದು ಕಡ್ಡಿ ಅದರ ವೈರ್‌ಗೆ, ಇನ್ನೊಂದು ಬರೀ ತಗಡಿಗೆ ಹಿಡಿದು ಬಾಗಿಲು ಹಾಕಿದೆ. ಬೀಪ್ ಅಂತು, ಅಂದರೆ ವೈರ್ ತಗಡಿಗೆ ತಾಗುತ್ತಿದೆ.

ಬಾಗಿಲಿನ ಕೀಲಿನ ಹತ್ತಿರ ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಕೊಳವೆ ಇರುತ್ತದಲ್ಲ, ಅದರ ಒಂದು ತುದಿ ಬಿಡಿಸಿ ಹಿಂದಕ್ಕೆ ಎಳೆದೆ. ಒಳಗೆ ಒಂದು ವೈರ್‌ನ ಮೇಲ್ಹೊದಿಕೆ ಒಣಗಿದ ಕಡ್ಡಿಯ ಹಾಗೆ ಬಿರಿದಿತ್ತು, ತಾಮ್ರದ ಎಳೆಗಳು ಹಸಿರು ಹಿಡಿದು ಎರಡೋ ಮೂರೋ ಮಾತ್ರ ಉಳಿದಿದ್ದವು, ಹೊರಗೆ ಚಾಚಿದ ಎಳೆ ಬಾಗಿಲು ಹಾಕಿದಾಗಲೆಲ್ಲ ವೈರ್ ಹಾಯುವ ತಗಡಿನ ತೂತಿನ ಅಂಚಿಗೆ ಮುತ್ತಿಡುತ್ತಿತ್ತು. 20 ವರ್ಷ ದಿನಾ ಬಾಗಿಲು ತೆಗೆದು ಹಾಕಿದರೆ ಇನ್ನೇನಾದೀತು, ಪಾಪ.

ಕೆಟ್ಟ ತುಂಡು ಕತ್ತರಿಸಿ, ಸಣ್ಣ ಎಳೆಗಳಿರುವ ಮೆತ್ತನೆ ವೈರ್ ಸೇರಿಸಿ, ಬೆಸುಗೆ ಹಾಕಿ, ಮೇಲೆ ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದೆ. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತದೆ, ಅದು ಮಡಚುವ ಕಡೆ ಬಂದರೆ ಬೇಗ ಮುರಿಯುತ್ತದೆ, ಹಾಗಾಗಿ ಜಾಯಿಂಟ್ ಎರಡನ್ನೂ ರಬ್ಬರ್‌ನಿಂದಾಚೆ ಇಟ್ಟೆ. ಬರೀ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದರೆ ಬಿಸಿಲಿಗೆ ಅಂಟು ಕರಗಿ ಮತ್ತೆ ಅದೇ ಹಾಡು.

ನಾನು ಮಾಡಿದ ತಪ್ಪನ್ನೂ ಹೇಳಬೇಕು. ಶುರುವಿನಲ್ಲೇ ಬ್ಯಾಟರಿಯ ಮೈನಸ್ ಕಳಚಿದ್ದೆ. ಒಳ್ಳೆಯದೇ, ಆದರೆ ಮತ್ತೆ ಜೋಡಿಸಿದಾಗ ಸೆಟ್ ಕೋಡ್ ಕೇಳಿತು! ಕಳ್ಳರು ಕದ್ದರೆ ಕೆಲಸಕ್ಕೆ ಬಾರದಿರಲಿ ಅಂತ ಹಲವು ಕಂಪನಿ ಸೆಟ್‌ಗಳಲ್ಲಿ ಈ ಬೀಗ ಇದೆ, ತಪ್ಪು ನಂಬರ್ ಒತ್ತುತ್ತಾ ಹೋದರೆ ಇನ್ನೂ ಗಟ್ಟಿಯಾಗಿ ಲಾಕ್ ಆಗುತ್ತದೆ. ಕೋಡ್ ಕಾರ್ಡ್ ಯಾವ ಮಾಲೀಕರ ಹತ್ತಿರ ಉಳಿಯಿತೋ. ಬೆವರು ಕಿತ್ತು ಬಂತು. ಕೊನೆಗೆ ಸರ್ವಿಸ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದ ನಾಲ್ಕು ಅಂಕಿ ಸಿಕ್ಕವು, ಬರೆದವರ ಹೊಟ್ಟೆ ತಣ್ಣಗಿರಲಿ. ನೀವು ಮೊದಲು ಕೋಡ್ ಹುಡುಕಿ, ಆಮೇಲೆ ಬ್ಯಾಟರಿಗೆ ಕೈ ಹಾಕಿ.

ಎಲ್ಲರ ಸೆಟ್‌ಗೂ ಇದೇ ರೋಗ ಅಂತಲ್ಲ. ಸ್ಟೇಷನ್‌ಗಳು ದಿನಾ ಮರೆತುಹೋದರೆ ಸದಾ ಕರೆಂಟ್ ಕೊಡುವ ವೈರ್‌ನ ಫ್ಯೂಸ್ ನೋಡಬೇಕು, ಅದು ಕೀ ತಿರುಗಿಸಿದಾಗ ಬರುವ ಕರೆಂಟ್‌ನಿಂದ ಬೇರೆಯದು. ಎಂಜಿನ್ ವೇಗ ಏರಿದಂತೆ ಕುಂಯ್ ಅನ್ನುವ ಸದ್ದೂ ಏರಿದರೆ ಮೊದಲ ಅನುಮಾನ ಅರ್ಥ್ ವೈರ್ ಮೇಲೆ. ವಾಲ್ಯೂಮ್ ತಿರುಗಿಸುವಾಗ ಗರಗರ ಅಂದರೆ ಜಾಸ್ತಿ ಸಲ ಒಳಗಿನ ಕೊಳೆ, ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ನನ್ನ ತಕರಾರು ಟಚ್‌ಸ್ಕ್ರೀನ್ ಮೇಲಲ್ಲ, ಬೇಕಾದವರು ಹಾಕಿಸಿಕೊಳ್ಳಲಿ. ನೋಡದೆ "ಹೋಗಿದೆ" ಅನ್ನುವುದರ ಮೇಲೆ. ಅವರ ಮಾತು ಕೇಳಿ ಹೊಸದು ಹಾಕಿಸಿದ್ದರೆ ಕಂಪನಿ ಕನೆಕ್ಟರ್ ಕತ್ತರಿಸುತ್ತಿದ್ದರು, ಆ ಹರಿದ ವೈರ್‌ಗೇ ಹೊಸ ಸೆಟ್ ಜೋಡಿಸುತ್ತಿದ್ದರು, ಅದೂ ಮೂಕವಾಗಿ ಕೂರುತ್ತಿತ್ತು. ಇನ್ನು ಹಳೇ ಸೆಟ್‌ನ ಗುಂಡಿಗಳು ನನ್ನ ಬೆರಳಿಗೇ ಗೊತ್ತು, ರಸ್ತೆಯಿಂದ ಕಣ್ಣು ತೆಗೆಯಬೇಕಿಲ್ಲ.

ಕ್ಯಾಸೆಟ್ ಮಾತ್ರ ಇನ್ನೂ ಓಡುತ್ತಿಲ್ಲ. ಒಳಗಿನ ರಬ್ಬರ್ ಬೆಲ್ಟ್ ಕರಗಿ ಟಾರಿನ ಹಾಗೆ ಪುಲ್ಲಿ ಚಕ್ರಕ್ಕೆ ಮೆತ್ತಿಕೊಂಡಿದೆ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅರ್ಧ ಒರೆಸಿದ್ದೇನೆ. ಹಳೇ ಬೆಲ್ಟ್ ಅಳತೆಗೇ ಸಿಗದಿರುವಾಗ ಹೊಸದರ ಅಳತೆ ಹೇಗೆ ತೆಗೆಯುವುದು? ಮಾಡಿದವರು ನಿಮ್ಮ ಓದುಗರಲ್ಲಿ ಇದ್ದರೆ ಬರೆಯಲಿ, ಆ ಅರ್ಧ ಕಾಲಂನಲ್ಲೇ.

ಇಂತಿ,
ಹಳೇ ಕಾರಿನ ಓದುಗ