ಟಿವಿ, ಇಂಟರ್ನೆಟ್ ಕಾಂಬೊ ದರ: ಕಾಸರಗೋಡಿನ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಮನೆಗಳಲ್ಲಿ ಫೈಬರ್ ಇಂಟರ್ನೆಟ್ ಬೇಕೆನ್ನುವವರೂ ಟಿವಿ ಸೇರಿದ ಕಾಂಬೊ ಪ್ಲಾನ್ ಕಂಡು ಹಿಂದೇಟು ಹಾಕುವುದುಂಟು. ಇದಕ್ಕೆ ದರದ ಮೊತ್ತಕ್ಕಿಂತ ದರ ನಿಗದಿ ಮಾಡುವ, ಹಣ ಕಟ್ಟಿಸಿಕೊಳ್ಳುವ ರೀತಿಯೇ ದೊಡ್ಡ ಕಾರಣ. ಅದನ್ನು ಸರಿಪಡಿಸಲು ನಿಮ್ಮಿಂದ ಸಾಧ್ಯ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇವೆ.

ವಿವರಣೆಗಾಗಿ ಒಂದು ಲೆಕ್ಕ. ಒಂದು ಮನೆಯವರು ತಿಂಗಳಿಗೆ ಇಂಟರ್ನೆಟ್ಟಿಗೆ 500 ರೂಪಾಯಿ, ಟಿವಿಗೆ 100 ರೂಪಾಯಿ ಕೊಡಲು ತಯಾರು. ಪಕ್ಕದ ಮನೆಯಲ್ಲಿ ಟಿವಿಯೇ ಮುಖ್ಯ. ಅದಕ್ಕೆ 400, ಇಂಟರ್ನೆಟ್ಟಿಗೆ 200. ಬಿಡಿಬಿಡಿಯಾಗಿ 500 ಮತ್ತು 400ಕ್ಕೆ ಮಾರಿದರೆ ಕಂಪನಿಗೆ 900 ರೂಪಾಯಿ ಬರುತ್ತದೆ. ಎರಡನ್ನೂ ಸೇರಿಸಿ 600ಕ್ಕೆ ಕೊಟ್ಟರೆ ಇಬ್ಬರೂ ಕೊಳ್ಳುತ್ತಾರೆ, 1,200 ಬರುತ್ತದೆ. ಕಾಂಬೊ ಹುಟ್ಟುವುದೇ ಹೀಗೆ, ಇದರಲ್ಲಿ ತಪ್ಪಿಲ್ಲ. ಮೂರನೆಯದು ಕನ್ನಡದವರ ಮನೆ, ಪೈವಳಿಕೆಯಲ್ಲೋ ಎಣ್ಮಕಜೆಯಲ್ಲೋ ಇದೆ ಎನ್ನೋಣ. ಅವರೂ ಇಂಟರ್ನೆಟ್ಟಿಗೆ 500 ಕೊಟ್ಟಾರು. ಆದರೆ ಪ್ಲಾನಿನೊಳಗಿನ ಚಾನೆಲ್ ಪ್ಯಾಕ್ ಮಲಯಾಳಂನದು. ಅವರಿಗೆ ಅದರ ಬೆಲೆ 50 ದಾಟದು. ಒಟ್ಟು 550, ಕಾಂಬೊದ 600ಕ್ಕೆ ಸಾಲದು. ಇನ್ನು ನಾಲ್ಕು ಕನ್ನಡ ಚಾನೆಲ್‌ಗಳನ್ನು ತಲಾ 19 ರೂಪಾಯಿಯಂತೆ ಬಿಡಿಯಾಗಿ ಸೇರಿಸಿದರೆ 76, ಶೇ. 18 ಜಿಎಸ್‌ಟಿ ಸೇರಿ 89 ರೂಪಾಯಿ 68 ಪೈಸೆ. ಬೇಡದ ಟಿವಿಯ ಹೊರೆಗೆ ಹೆದರಿ ಆ ಮನೆಯವರು ಬೇಕಾದ ಇಂಟರ್ನೆಟ್ಟನ್ನೂ ಬಿಡುತ್ತಾರೆ. ಮಕ್ಕಳ ಓದು, ಸರ್ಕಾರಿ ಅರ್ಜಿ ಎಲ್ಲವೂ ಆನ್‌ಲೈನಿಗೆ ಬಂದ ಮೇಲೆ ಇದು ಸಣ್ಣ ನಷ್ಟವಲ್ಲ.

ಟಿವಿ ದರ ಏರಿದರೆ ಜನರಿಗೆ ಬೇರೆ ದಾರಿಯಿದೆ. ಡಿಡಿ ಫ್ರೀ ಡಿಶ್‌ನಲ್ಲಿ ಮಾಸಿಕ ಶುಲ್ಕವಿಲ್ಲದೆ ಚಂದನ ಸಿಗುತ್ತದೆ. ಆದರೆ ಗುಡ್ಡದ ತಗ್ಗಿನಲ್ಲಿ, ಮೊಬೈಲ್ ಸಿಗ್ನಲ್ ಇಳಿಯದ ಮನೆಗೆ ಫೈಬರ್ ಬಿಟ್ಟರೆ ಗತಿಯಿಲ್ಲ. ಒಂದೇ ಮೊತ್ತದ ಬಿಲ್ಲು ಬಂದಾಗ ಏರಿದ್ದು ಯಾವುದರ ದರ ಎಂದೇ ಗ್ರಾಹಕರಿಗೆ ತಿಳಿಯುವುದಿಲ್ಲ.

ಮುಂಗಡ ಪಾವತಿಯದು ಇನ್ನೊಂದು ತೊಡಕು. ಕೇರಳ ಸರ್ಕಾರದ ಫೈಬರ್ ಇಂಟರ್ನೆಟ್ ಜಾಲವಾದ ಕೆ-ಫೋನ್ 2023ರ ಜೂನ್ 5ರಂದು ಉದ್ಘಾಟನೆಯಾದಾಗ ಅದರ ಆರಂಭಿಕ ಪ್ಲಾನ್ 20 ಎಂಬಿಪಿಎಸ್‌ಗೆ ತಿಂಗಳಿಗೆ 299 ರೂಪಾಯಿ ಇತ್ತು. ದರ ನಿಜಕ್ಕೂ ಕಡಿಮೆ. ಆದರೆ ಆರು ತಿಂಗಳದ್ದು ಒಟ್ಟಿಗೆ ಕಟ್ಟುವಾಗ 1,794, ಜಿಎಸ್‌ಟಿ ಸೇರಿ ಸುಮಾರು 2,117. ಬೀಡಿ ಕಟ್ಟಿ, ಅಡಿಕೆ ಸುಲಿದು ವಾರದ ಬಟವಾಡೆಯಲ್ಲಿ ಬದುಕುವ ಮನೆಗೆ ದಿನಕ್ಕೆ ಹತ್ತು-ಹನ್ನೆರಡು ರೂಪಾಯಿ ಭಾರವಲ್ಲ. ಎರಡು ಸಾವಿರ ಒಮ್ಮೆಗೇ ಹೊಂದಿಸುವುದು ಭಾರ.

ನಿಯಮಗಳು ಈಗ ನಮ್ಮ ಕಡೆಗೇ ಇವೆ. ಟ್ರಾಯ್ (ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ವ್ಯವಸ್ಥೆಯಲ್ಲಿ ಕೇಬಲ್, ಡಿಟಿಎಚ್ ಗ್ರಾಹಕರಿಗೆ ಚಾನೆಲ್‌ಗಳನ್ನು ಬಿಡಿಯಾಗಿ ಆರಿಸುವ ಹಕ್ಕಿದೆ. 2024ರ ಜುಲೈ ತಿದ್ದುಪಡಿ ಚಾನೆಲ್ ದರದ ಹೊರತಾಗಿ ಸಂಪರ್ಕಕ್ಕೆಂದು ಕಟ್ಟುವ ನೆಟ್‌ವರ್ಕ್ ಶುಲ್ಕದ 130 ರೂಪಾಯಿಯ ಮಿತಿಯನ್ನು ತೆಗೆದು, ಪ್ರದೇಶಕ್ಕೆ ತಕ್ಕಂತೆ ಬೇರೆ ಬೇರೆ ಶುಲ್ಕ ಇಡಲು ಅವಕಾಶ ಕೊಟ್ಟಿತು. ಕೇಬಲ್, ಡಿಟಿಎಚ್ ವಿತರಕರು ಚಾನೆಲ್‌ಗಳನ್ನು ಸೇರಿಸಿ ಮಾಡುವ ಪ್ಯಾಕಿಗೆ ರಿಯಾಯಿತಿ ಮಿತಿಯನ್ನು ಶೇ. 15ರಿಂದ 45ಕ್ಕೆ ಏರಿಸಿತು. ಮೇಲಿನ 76 ರೂಪಾಯಿಯ ನಾಲ್ಕು ಚಾನೆಲ್‌ಗಳನ್ನು ಪ್ಯಾಕ್ ಮಾಡಿ ತೆರಿಗೆಗೆ ಮುನ್ನ 41 ರೂಪಾಯಿ 80 ಪೈಸೆಗೂ ಕೊಡಬಹುದು. ಚಂದ್ರಗಿರಿ ಹೊಳೆಯ ಉತ್ತರದ ಕನ್ನಡ ಮನೆಗಳಿಗೆ ಕನ್ನಡದ ಮೂಲ ಪ್ಯಾಕ್ ರೂಪಿಸಲು ಕಾನೂನಿನ ಅಡ್ಡಿಯಿಲ್ಲ. ಕೇಳುವವರು ಬೇಕು, ಅಷ್ಟೆ.

ಆದ್ದರಿಂದ ತಾವು ಟ್ರಾಯ್‌ಗೆ ಬರೆದು, ಕಾಂಬೊ ಬಿಲ್ಲಿನಲ್ಲಿ ಇಂಟರ್ನೆಟ್, ನೆಟ್‌ವರ್ಕ್ ಶುಲ್ಕ, ಚಾನೆಲ್, ಒಟಿಟಿ, ಜಿಎಸ್‌ಟಿ ಪ್ರತ್ಯೇಕ ಸಾಲುಗಳಲ್ಲಿ ಬರುವಂತೆ, ಟಿವಿ ಬೇಡವೆಂದರೆ ಎಷ್ಟು ಕಡಿಮೆಯಾಗುತ್ತದೆ ಎಂಬುದೂ ಅಲ್ಲೇ ಕಾಣುವಂತೆ ಒತ್ತಾಯಿಸಬೇಕು. ತಮ್ಮ ಅಧ್ಯಕ್ಷತೆಯ, ಕೇಂದ್ರ ಯೋಜನೆಗಳ ಜಾರಿಯನ್ನು ಪರಿಶೀಲಿಸುವ ಜಿಲ್ಲಾ ದಿಶಾ ಸಮಿತಿಯ ಮುಂದಿನ ಸಭೆಗೆ ಕೇಬಲ್ ವಿತರಕರನ್ನೂ ಕೆ-ಫೋನ್ ಅಧಿಕಾರಿಗಳನ್ನೂ ಕರೆಸಿ, ತಿಂಗಳ ಪಾವತಿ, ಕನ್ನಡ ಪ್ಯಾಕ್ ಮತ್ತು ಕನ್ನಡದಲ್ಲಿ ಅಚ್ಚಾದ ದರಪಟ್ಟಿ ಯಾವ ದಿನಾಂಕದೊಳಗೆ ಬರುತ್ತದೆಂದು ಲಿಖಿತ ಉತ್ತರ ಪಡೆಯಬೇಕೆಂದು ಕೋರುತ್ತೇವೆ.

ಇತಿ,
ಕಾಸರಗೋಡಿನ ಕನ್ನಡ ಗ್ರಾಹಕರು